ಮೂರನೆಯ ಭಾಗದ ಬಯಲು

ಮೊದಲ ಎರಡು ಭಾಗಗಳಲ್ಲಿ ಲೋಕವೆಂದರೆ ಬಲಗಡೆ.
ಓಡು, ಹಾರು, ಹೊಂಡ ತಪ್ಪಿಸು, ಮತ್ತೆ ಬಲಗಡೆ.
ಹಳದಿ ಟೊಪ್ಪಿಯ ಆ ಮುಂಗುಸಿ ಹಿಂದೆ ತಿರುಗಿದರೆ
ಪರದೆಯ ಅಂಚು ಮೂಗಿಗೆ ತಾಗುತ್ತಿತ್ತು.
ಮೂರನೆಯ ಭಾಗ ದಮ್ಮಾಮಿನಿಂದ ಬಂತು,
ಮೋನಬ್ಬರ ಭಾವ ತಂದದ್ದು, ಖರ್ಜೂರದ ಡಬ್ಬಿಯಡಿ
ಲುಂಗಿಯಲ್ಲಿ ಸುತ್ತಿ.
ಅದರಲ್ಲಿ ಬಯಲಿತ್ತು.

ಬಂದರಿನಲ್ಲಿ, ಮೆಣಸಿನ ಗೋದಾಮಿಗೆ ತಾಗಿದ ಅಂಗಡಿ.
ಗಂಟೆಗೆ ಹತ್ತು ರೂಪಾಯಿ.
ಸೀನುತ್ತ ಕಳೆದ ಹೊತ್ತಿಗೆ ರಿಯಾಯಿತಿ ಇಲ್ಲ
ಎಂದು ಗೋಡೆಯಲ್ಲಿ ಬರೆದೇ ಇತ್ತು.
ಬೆಂಗರೆಯಿಂದ ಫೆರಿ ಹತ್ತಿ ಬರುತ್ತಿದ್ದೆವು,
ನಾನು, ಲೋಹಿತಾಕ್ಷ, ಅವನ ತಂಗಿ ಚಿತ್ರಾಕ್ಷಿ,
ಕಾಲಲ್ಲಿ ಮರಳು, ಕಿಸೆಯಲ್ಲಿ
ಒಣಮೀನು ಮಗುಚಿದ ದುಡ್ಡು.

ಬಯಲಿನ ಸುತ್ತ ಏಳು ಬಾಗಿಲು.
ಬಾಗಿಲ ಹಿಂದೆ ಒಂದು ಹಂತ, ಹಂತದ ಕೊನೆಗೊಬ್ಬ ದೈತ್ಯ,
ದೈತ್ಯನ ಹೊಟ್ಟೆಯಲ್ಲಿ ಮುಂದಿನ ಕೀಲಿಕೈ.
ನಾವು ನುಗ್ಗಿದೆವು.
ಅವಳ ಸರದಿಯಲ್ಲಿ ಮಾತ್ರ ಮುಂಗುಸಿ ಬಯಲಲ್ಲೇ ಅಲೆಯಿತು:
ಗಾಳಿಯಂತ್ರದ ರೆಕ್ಕೆಯಲ್ಲಿ ಕೂತು ಒಂದು ಸುತ್ತು,
ಜಲಪಾತದ ಹಿಂದೆ ಏನೂ ಇಲ್ಲದ ಗುಹೆ,
ಬಂಡೆಗೂ ಬಂಡೆಗೂ ನಡುವೆ, ಚಿತ್ರ ಬರೆದವ
ಮುಚ್ಚಲು ಮರೆತ ಒಂದು ಬಿರುಕು,
ಅದರಾಚೆ ಲೋಕದ ಹಿಂಬದಿ. ಬರೀ ಬೂದು.

"ಬಾಗಿಲು ತೆರೆದೇ ಉಂಟಲ್ಲ ಮಾರಾಯ್ತಿ, ಹೋಗು!"
"ತೆರೆದೇ ಉಂಟಲ್ಲ," ಅಂದಳು, "ಅದೆಲ್ಲಿಗೆ ಓಡಿಹೋಗ್ತದೆ?"

ಒಂದು ದಿನ ಸಮುದ್ರಕ್ಕೆ ಇಳಿದಳು.
ಕಾಲು ಗಂಟೆ ಈಜಿದಳು.
ಎರಡೂವರೆ ರೂಪಾಯಿ ನೀರುಪಾಲು, ಲೋಹಿತ ಗೊಣಗಿದ.
ಕೊನೆಗೊಂದು ಅಲೆ ಬಂದು ಮುಂಗುಸಿಯನ್ನು,
ಹೊಸ್ತಿಲು ದಾಟಿದ ಮಗುವನ್ನು ಎತ್ತಿ ಒಳಗಿಡುವ ಹಾಗೆ,
ದಡದ ಕಡೆ ತಿರುಗಿಸಿತು.
ಮತ್ತೆ ಈಜಿದಳು. ಮತ್ತೆ ತಿರುಗಿಸಿತು.
"ನಮ್ಮ ಅಳಿವೆಬಾಗಿಲು ಹೀಗೆ ಮಾಡುವುದಿಲ್ಲ," ಅಂದಳು.
ಆ ಆಗಸ್ಟಿನಲ್ಲಿ ಅಲ್ಲೊಂದು ದೋಣಿ ಮಗುಚಿತ್ತು.
ಮೋನಬ್ಬ ಆ ದಿನ ಅವಳ ದುಡ್ಡು ತೆಗೆದುಕೊಳ್ಳಲಿಲ್ಲ.

ಬಯಲಿನಲ್ಲಿ ನೂರು ನಾಣ್ಯ.
ತೊಂಬತ್ತೊಂಬತ್ತು ಹೆಕ್ಕಿದಳು.
ನೂರನೆಯದು ಗಾಳಿಯಂತ್ರದ ನೆರಳಲ್ಲಿ ತಿರುಗುತ್ತಿತ್ತು.
"ಪಾತ್ರೆ ಪೂರ್ತಿ ಬಳಿಯಬಾರದಂತೆ, ಅಜ್ಜಿ ಹೇಳ್ತಾರೆ."
ಮೂರನೆಯ ಸ್ಲಾಟಿನಲ್ಲಿ ಸೇವ್ ಮಾಡಿದಳು.
ಹೆಸರಿಗೆ ಇಂಗ್ಲಿಷಿನ ನಾಲ್ಕೇ ಅಕ್ಷರ ಹಿಡಿಯುತ್ತಿತ್ತು;
ಚಿಟ್ ಆದಳು, ದಿನಸಿ ಅಂಗಡಿಯ ಚೀಟಿಯ ಹಾಗೆ.

ಈಗ ನಾನು ಅಳಿವೆಯ ಆಳ ಅಳೆಯುವ ದೋಣಿಯಲ್ಲಿದ್ದೇನೆ.
ಮಳೆ ಬಿಟ್ಟ ಮೇಲೆ ಪ್ರತಿ ವರ್ಷ ಹೊಸ ನಕ್ಷೆ.
ಹೋದ ಸಲ ಒಂಬತ್ತಡಿ ನೀರಿದ್ದಲ್ಲಿ ಈ ಸಲ ಮರಳು,
ನಾವು ಚೆಂಡಾಡಿದ ದಡದ ಮೇಲೆ ಹುಟ್ಟು ಹಾಕುತ್ತೇವೆ,
ಕುದ್ರು ಮಗ್ಗುಲು ಬದಲಿಸಿ ಮಲಗಿದೆ.
ಚಿತ್ರಾಕ್ಷಿ ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ
ಲೆಕ್ಕ ಬರೆಯುತ್ತಾಳೆ. ಫೋನು ಮಾಡಿದರೆ
ಟನ್ನುಗಳಲ್ಲೇ ಮಾತು.

ಮೋನಬ್ಬರ ಮಗ ಮೊಬೈಲು ರಿಪೇರಿಯವ.
ಸ್ಕ್ರೂಗಳ ಡ್ರಾವರಿನಿಂದ ಆ ಕಾರ್ಡು ತೆಗೆದ, ಊದಿದ,
ಹಚ್ಚಿದ.
ಇಪ್ಪತ್ತೊಂದು ವರ್ಷ.
ಅವಳು ನಿಲ್ಲಿಸಿದಲ್ಲೇ ಮುಂಗುಸಿ ನಿಂತಿತ್ತು,
ಉಸಿರಾಡುತ್ತ, ಆಗಾಗ ಟೊಪ್ಪಿ ಸರಿಮಾಡಿಕೊಳ್ಳುತ್ತ.
ಒಂದು ಕಾಳು ಮರಳೂ ಸರಿದಿರಲಿಲ್ಲ.
ನಾಣ್ಯ ತಿರುಗುತ್ತಲೇ ಇತ್ತು.

ಫೋಟೋ ಹೊಡೆದು ಮಲ್ಪೆಗೆ ಕಳಿಸಿದೆ.
ಬಹಳ ಹೊತ್ತು ಏನಿಲ್ಲ. ಲಾರಿ ತುಂಬಿಸುವ ಹೊತ್ತಿರಬೇಕು.
ಆಮೇಲೆ ಒಂದೇ ಮಾತು:
ಮುಟ್ಟಬೇಡ.

ಕೊನೆಯ ಫೆರಿಯಲ್ಲಿ ಟಿಕೇಟಿನವ ಕೇಳಿದ,
ಚಿಲ್ಲರೆ ಉಂಟಾ?
ಕಿಸೆ ತಡಕಿದೆ. ಒಂದು ಇತ್ತು.
ಇಲ್ಲ ಅಂದೆ.