ಹಲ್ಲೆಣಿಕೆ

ಭಾನುವಾರ ಸಂಜೆ, ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ
ನಮ್ಮದೊಂದೇ ಶಟರು ಅರ್ಧ ಎತ್ತಿತ್ತು.
ಗೇರ್ ಆಯಿಲ್ ಡಬ್ಬಿಗೆ ಒರಗಿಸಿದ ಫೋನಿನಲ್ಲಿ
ಯಾವುದೋ ಸಮುದ್ರದೂರಿನ ಸಂದಿಗೊಂದಿಗಳು,
ಕಾರುಗಳು ಡಬ್ಬಿಯೊಳಗೆ ಸಿಕ್ಕ ಜೇನುನೊಣದ ಹಾಗೆ.
ಇನಾಸ್ ಮಾಮ ನೋಡುತ್ತಿರಲಿಲ್ಲ, ಕೇಳುತ್ತಿದ್ದ:
"ಈಗ ಮೂರು. ಈಗ ಎರಡು.
ತಡಿ ತಡಿ... ಹಾಂ, ನಾಲ್ಕು."

ನಾನು ನಿಯಮ ಓದಿ ಹೇಳಿದೆ.
ಮುಂದಕ್ಕೆ ಎಂಟು ಗೇರು, ಹಿಂದಕ್ಕೆ ಒಂದು.
ಎಂಟರ ಅನುಪಾತವನ್ನೂ ವರ್ಷದ ಮೊದಲ ಓಟಕ್ಕೆ ಮುಂಚೆಯೇ
ಬರೆದುಕೊಡಬೇಕು.
ಆಮೇಲೆ ಸಂದಿಯಿರಲಿ, ಬಯಲಿರಲಿ, ಅದೇ ಎಂಟು.

ಮಾಮ ಸ್ಪ್ಯಾನರು ಕೆಳಗಿಟ್ಟ.
"ಅಂದರೆ ಹುಲಿಕಲ್ಲು ಹತ್ತುವುದಕ್ಕೂ
ಆಯನೂರಿನ ನೇರ ರಸ್ತೆಗೂ ಒಂದೇ ಪೆಟ್ಟಿಗೆಯಾ?"
ಹೂಂ ಅಂದೆ.
"ಮೊದಲು ಊರೂರಿಗೆ ಬದಲಾಯಿಸುತ್ತಿದ್ದರಲ್ಲ."
ಖರ್ಚು ಜಾಸ್ತಿಯಾಯಿತಂತೆ ಮಾಮ.
"ಹಾಗಾದರೆ ಈ ಸಂದಿಯಲ್ಲಿ ಎಂಟನೇದು ಬೀಳೋದೇ ಇಲ್ಲ."
ಬೀಡಿ ಹುಡುಕಿದ, ಸಿಗಲಿಲ್ಲ.
"ಪಾಪ. ಎಣ್ಣೆಯಲ್ಲಿ ಎಲ್ಲರ ಜೊತೆ ತಿರುಗುತ್ತೆ,
ಯಾರ ಭಾರವನ್ನೂ ಹೊರದೆ,
ಮದುವೆಮನೆಯಲ್ಲಿ ಯಾರೂ ಕೆಲಸ ಹೇಳದ ಭಾವನ ಹಾಗೆ."

ಸೋಮವಾರ ಬಂದರೆ ಗೋಡೆಯ ಮೇಲೆ ಸೀಮೆಸುಣ್ಣ:
ಈ ವರ್ಷ ಒಂದು ಗಾಡಿಗೆ ಒಂದೇ ಅನುಪಾತ.
ಘಾಟಿಗೊಂದು ಬಯಲಿಗೊಂದು ಕೇಳಬೇಡಿ. ಇದು ನಿಯಮ.
ಕೆಳಗೆ ಸಹಿ ಬೇರೆ.
ಡ್ರೈವರುಗಳು ನಕ್ಕು ಟೀ ತರಿಸಿದರು.

ಜಂಬಿಟ್ಟಿಗೆ ಲಾರಿಯ ರುದ್ರೋಜಿ ಮಾತ್ರ ನಗಲಿಲ್ಲ.
ಗೋಣಿಚೀಲ ಬಿಚ್ಚಿದ: ಭದ್ರಾವತಿಯ ಗುಜರಿಯಲ್ಲಿ
ಷಡ್ಡಕ ಪುಕ್ಕಟೆ ಕೊಟ್ಟ ಕ್ರೌನು, ಪಿನಿಯನ್ನು.
"ಬರೆದವನು ಒಂದು ಸಲ ಭರ್ತಿ ಲೋಡಿನಲ್ಲಿ
ಚಂಡಿಕಾಂಬ ಗುಡಿಯ ತಿರುವಿನಲ್ಲಿ ಹಿಂದಕ್ಕೆ ಜಾರಲಿ,
ಆಮೇಲೆ ನಿಯಮ ಹೇಳಲಿ."
ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು, ಅಂದೆ ನಾನು.
"ಹಸುವಿನದು ಬಿಡು ಜುಬೇದಾ,
ಇದರದ್ದು ಎಣಿಸದಿದ್ದರೆ ಪಾಪ ಸುತ್ತಿಕೊಳ್ಳುತ್ತೆ."
ಕ್ರೌನಿಗೆ ನಲವತ್ತಮೂರು, ಪಿನಿಯನ್ನಿಗೆ ಏಳು.
ಮಾಮನ ಮುಖ ಅರಳಿತು.

ಗೋಡೆ ಒರೆಸಲಿಲ್ಲ ಅವನು.
ರುದ್ರೋಜಿಯ ಆಕ್ಸಲ್ಲನ್ನು
ಸರಿಯಾಗಿ ಆ ಅಕ್ಷರಗಳ ಮೇಲೆಯೇ ಒರಗಿಸಿ ನಿಲ್ಲಿಸಿದ.

ರಾತ್ರಿ ಎಂಟೂವರೆ. ಎರಡನ್ನೂ ಕೂರಿಸಿ
ಕೂಡುವ ಒಂದು ಜೋಡಿ ಹಲ್ಲಿಗೆ ಸುಣ್ಣ ಬಳಿದ.
"ನಲವತ್ತೆರಡು ಇಟ್ಟಿದ್ದರೆ ಈ ಹಲ್ಲಿಗೆ
ಜನ್ಮವಿಡೀ ಅದೇ ಆರು ಮುಖ.
ಒಂದು ಹೆಚ್ಚಿಗೆ ಕೊರೆದ ನೋಡು ಪುಣ್ಯಾತ್ಮ,
ನಲವತ್ತಮೂರನ್ನೂ ಒಂದೊಂದು ಸಲ ಕಂಡೇ
ಮೊದಲಿನದರ ಹತ್ತಿರ ವಾಪಸು."
ಬಣ್ಣ ಹೋದ ಕೈಯಿಂದ ಪಿನಿಯನ್ನು ತಿರುಗಿಸತೊಡಗಿದ.
ನನ್ನ ಕೆಲಸ ಲೆಕ್ಕದ ಪುಸ್ತಕದಲ್ಲಿ ಗೀಟು ಎಳೆಯುವುದು.

ಸುಣ್ಣ ಬಂತು, ಹೋಯಿತು, ಪ್ರತಿ ಸಲವೂ
ಬೇರೆ ಬರಿಯ ಹಲ್ಲಿನ ಪಕ್ಕಕ್ಕೆ.
ಇಪ್ಪತ್ತು. ಇಪ್ಪತ್ತೊಂಬತ್ತು.
ರುದ್ರೋಜಿ ಟೈರಿನ ಮೇಲೆ ಕೂತು ನಿದ್ದೆಹೋದ.
ಮೂವತ್ತೆಂಟು ಅಂದೆ, ಕರೆಂಟು ಹೋಯಿತು.

ಟಾರ್ಚಿಗೆ ಕೈ ಹಾಕಿದರೆ
"ಬೇಡ, ಬೇಡ," ಕತ್ತಲೆಯಲ್ಲಿ ಅವನ ದನಿ,
"ಹಲ್ಲಿಗೇನು ಬೆಳಕು? ನೀನು ಎಣಿಸು."
ಕಟಕ್, ಕಟಕ್,
ಎಣ್ಣೆ ತೊಟ್ಟಿಕ್ಕುವ ಸದ್ದು,
ಮೂವತ್ತೊಂಬತ್ತು,