ಉಳಿದ ಗಲಾಸು

ಬೀದರಿನ ನಮ್ಮ ಯೇಸುಸ್ವಾಮಿ ಗುಡಿಯಾಗ
ತಿಂಗಳ ಮೊದಲ ಐತವಾರ
ಪ್ರಭುಭೋಜನದ ಗಲಾಸು ತೊಳೆಯೋ ಕೆಲಸ ನಂದು.
ನೂರಾ ಹದಿನಾಲ್ಕು ಇದ್ವು, ಹೆಬ್ಬೆಟ್ಟಿನಷ್ಟು ಸಣ್ಣವು.
ಎರಡು ಒಡೆದಾವ. ಒಂದು ಪಾಸ್ಟ್ರ ಮೊಮ್ಮಗ
ಗುಬ್ಬಿಗೆ ನೀರಿಡಾಕಂತ ಒಯ್ದಾನ.

ಕರಿದ್ರಾಕ್ಷಿ ಕುದಿಸಿ ಸೋಸಿದ ರಸ ಅದು,
ಒಣಗಿದರ ತಳಕ್ಕ ಅಂಟತದ.
ಬೆರಳು ಹೋಗಲ್ಲ. ಜ್ವಾಳದ ದಂಟಿಗೆ
ಅರಿಬಿ ಸುತ್ತಿ ತೊಳಿತೀನಿ.
ಹಿತ್ತಲ ನಳದ ಕಟ್ಟಿ ಮ್ಯಾಲ ಕುಂತರ
ಅಂಗಳದ ಮಾತು ಎಲ್ಲಾ ಕೇಳ್ತದ:
ಕಮಿಟಿ ಇಲೆಕ್ಷನ್ನಿಗೆ ಯಾರು ಎಷ್ಟು ಹಂಚಿದ್ರು,
ಮುಂದಿನ ಮಳಿಗಿ ಬಾಡಿಗಿ ಯಾರ ಕಿಸೇಕ್ಕ ಹೋಯ್ತು,
ಶದ್ರಕಪ್ಪನ ಸೊಸಿ ಯಾವ ಓಣಿಯವಳು,
ಅವಳ ಕೈಯ ಚಾ ಯಾರ್ಯಾರು ಕುಡಿಯಲ್ಲ.
ಮಾತಾಡೋರ ತುಟಿ ಇನ್ನೂ ಹಸಿ ಇರ್ತಾವ.

ಗಲಾಸು ಎಲ್ಲಾ ಖಾಲಿ ಬರ್ತಾವ.
ಒಂದು ಮಾತ್ರ ತುಂಬಿದ್ದು ತುಂಬಿದ್ದಂಗೇ.

ಮೊದಲ ವರ್ಷ ತಿಳೀಲಿಲ್ಲ.
ಆಮ್ಯಾಲ ಬಾಗಿಲ ಮರೀಗಿ ನಿಂತು ನೋಡಿದೆ.
ಚಿದ್ರಿ ಕಡಿಯಿಂದ ಸೈಕಲ್ ಮ್ಯಾಲ ಬರೋ ಎಲೀಶಪ್ಪ,
ಸಾಲಿನಾಗ ಎಲ್ಲರ ಜೋಡಿ ಮೊಣಕಾಲೂರತಾನ,
ರೊಟ್ಟಿ ಮುಟ್ಟಲ್ಲ, ಗಲಾಸು ಎತ್ತಲ್ಲ,
ತಲಿ ಬಾಗಿಸಿ ಎದ್ದು ಹೋಗ್ತಾನ.
ಏನೋ ದೊಡ್ಡ ಪಾಪ ಇರಬೇಕು, ಅಂತಾರ.
ಸೇಂದಿ ಅಂದವರು ಅದಾರ, ಹೆಣ್ಣು ಅಂದವರೂ ಅದಾರ.
ಎಲ್ಲಾ ಖಾಲಿ ಗಲಾಸಿನವರೇ.

ಒಂದಿನ ಕೇಳೇಬಿಟ್ಟೆ.
ಸೈಕಲ್ ಚೈನಿಗೆ ಎಣ್ಣಿ ಬಿಡ್ತಾ ಇದ್ದ.
"ತಮ್ಮನ ಜೋಡಿ ಮಾತಿಲ್ಲ ಅಕ್ಕಾ.
ಗೋಡಿದು ಜಗಳ. ಮೊಳದಷ್ಟು ಜಾಗ.
ಮೊದಲು ಹೋಗಿ ಅವನ ಜೋಡಿ ಕೂಡು, ಆಮ್ಯಾಲ ವೇದಿಗೆ ಬಾ
ಅಂತ ಹೇಳ್ಯಾನಲ್ಲ ಸ್ವಾಮಿ.
ಹೋಗಾಕ ಆಗವಲ್ದು. ಅದಕ್ಕ ಕುಡಿಯವಲ್ಲೆ."
ಎಣ್ಣಿ ಕೈ ಅಂಗಿಗೆ ಒರೆಸಿಕೊಂಡ.
"ಸುಳ್ಳು ಹೆಂಗ ನುಂಗಲಿ?"

ತಮ್ಮ ಯಾರು ಗೊತ್ತೇನು?
ಮುಂದಿನ ಬೆಂಚಿನ ಖಜಾಂಚಿ ಸಿಲ್ವಾನಪ್ಪ,
ಎಲ್ಲರಕಿಂತ ಮೊದಲು ಗಲಾಸು ಇಡಾಂವ,
ಟಣ್ ಅಂತ ಸಪ್ಪಳ ಬರಂಗ.
ಅದರಾಗ ತೊಟ್ಟು ಸಹ ಉಳಿಯಲ್ಲ.
ತೊಳಿಯಾಕ ಸಲೀಸು.

ಉಳಿದ ರಸ ಮೋರಿಗೆ ಚೆಲ್ಲಾಕ ಮನಸಾಗಲ್ಲ ನನಗ.
ಸೀತಾಫಲ ಗಿಡದ ಬುಡಕ್ಕ ಹಾಕ್ತೀನಿ,
ಇರುವಿ ಸಾಲು ಹಚ್ಚತಾವ.

ಹೋದ ಮಾರ್ಚಿನ ಬಿಸಿಲಾಗ ಗಂಟಲು ಒಣಗಿತ್ತು.
ಆ ಗಲಾಸು ಎತ್ತಿ ಬಾಯಿ ತನಕ ತಂದೆ.
ಸಿಹಿ ವಾಸನಿ ಮೂಗಿಗೆ ಬಡೀತು.
ಯಾಕೋ ಆಗೇ ನೆನಪಾದಳು,
ಹುಮನಾಬಾದಿನಾಗ ನನ್ನ ತಂಗಿ ನವೋಮಿ.
ಅವ್ವನ ಬುಗುಡಿ ಒಂದು ಅಕಿ ಕಡಿ, ಒಂದು ನನ್ನ ಕಡಿ.
ಒಂಬತ್ತು ವರ್ಷ.

ಈ ಒಂಬತ್ತು ವರ್ಷ, ಒಂದು ತಿಂಗಳೂ ಬಿಡದಂಗ
ಸಾಲಿನ ಕಡೀಕ್ಕ ಮೊಣಕಾಲೂರಿ
ಖಾಲಿ ಮಾಡಿ, ನನ್ನ ಗಲಾಸು
ನಾನೇ ತೊಳೆದೀನಿ.

ನಳ ಬಂದ್ ಮಾಡೋದು ಮರೆತಿದ್ದೆ.
ಬಕೀಟು ತುಂಬಿ ಹರೀತಿತ್ತು.