ಮೊದಲು ನಾನು ನಗುವುದಿಲ್ಲ

ಮೊದಲ ದಿನವೇ ಹೇಳಿದ್ದೆ:
ಹೊರಗೆಲ್ಲಾದರೂ ಸಿಕ್ಕರೆ ಮೊದಲು ನಾನು ನಗುವುದಿಲ್ಲ,
ನೀವು ನಕ್ಕರೆ ನಗುತ್ತೇನೆ.
"ಕಾರವಾರ ಎಷ್ಟು ದೊಡ್ಡದು, ಅಕ್ಕೋರೆ?" ಅಂದಿದ್ದಳು,
ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಸಿಕ್ಕಳು. ಭಾನುವಾರ, ಮೀನುಪೇಟೆಯ ಮೂರನೇ ಸಾಲು,
ಮುಂದೆ ಬಂಗಡೆ, ಐಸಿನ ಪುಡಿ, ಮೊಣಕೈವರೆಗೂ ಹುರುಪೆ.
ನನ್ನ ಜೊತೆ ಪಕ್ಕದ ಮನೆಯ ಶಾಲಿನಿ ರಾಯ್ಕರ;
ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವವಳಲ್ಲ,
ಮನುಷ್ಯರನ್ನೂ ಹಾಗೇ ಬಿಡುವವಳಲ್ಲ.

ಚೌಕಾಸಿ ಮಾಡಲೋ ಬೇಡವೋ.
ಮಾಡಿದರೆ, ಮಂಗಳವಾರ ನಾಲ್ಕಕ್ಕೆ
ಅವಳು ನನ್ನೆದುರು ಇಳಿಸಿ ಹೋಗುವ ಬುಟ್ಟಿಗೂ
ನಾನು ದರ ಕಟ್ಟಿದಂತೆ.
ಮಾಡದಿದ್ದರೆ ಶಾಲಿನಿ ಕೇಳುತ್ತಾಳೆ,
"ಏನು, ಪರಿಚಯವೇ?"
ನಿಯಮದ ಪುಸ್ತಕದಲ್ಲಿ ಬಂಗಡೆ ಇಲ್ಲ.

ಅವಳೇ ದಾರಿ ಮಾಡಿದಳು:
"ತಗೊಳ್ಳೋದಾದ್ರೆ ತಗೊಳ್ಳಿ,
ಇಲ್ಲಾಂದ್ರೆ ಗಿರಾಕಿಗೆ ಅಡ್ಡ ನಿಲ್ಲಬೇಡಿ!"
ಗುರುತೇ ಇಲ್ಲದವರನ್ನು ಗದರುವ ಹಾಗೆ, ಪೂರಾ ಗಂಟಲಲ್ಲಿ.

ಹದಿನಾಲ್ಕು ವಾರ
ಆ ಗಂಟಲು ಪಿಸುಮಾತು ದಾಟಿರಲಿಲ್ಲ.

ಖಾಲಿ ಚೀಲದಲ್ಲಿ ಹಿಂತಿರುಗಿದೆ.
ಶಾಲಿನಿ ಕೋಡಿಬಾಗದವರೆಗೂ ಅವಳನ್ನು ಬೈದಳು,
"ಎಂಥಾ ಬಾಯಿ ಮಾರಾಯ್ತಿ ಅದರದ್ದು!"
ಹೌದು ಹೌದು ಅಂದೆ,
ಮುಖವನ್ನು ಸಮುದ್ರದ ಕಡೆ ತಿರುಗಿಸಿಕೊಂಡು.

ಮುಂದಿನ ಮಂಗಳವಾರ ಇಬ್ಬರೂ ಅದರ ಮಾತೆತ್ತಲಿಲ್ಲ.
ಎಷ್ಟೋ ಕಾಲದ ಮೇಲೆ,
ಅವಳು ಬರುವುದು ನಿಂತ ಮೇಲೆ,
ಕೇಳಿದೆ, ಬರೆಯಬಹುದೇ.
"ಬರೀರಿ. ಮೀನು ಬೇರೆ ಹಾಕಿ."

ಹಾಕಿದ್ದೇನೆ. ವಾರವೂ ಬೇರೆ, ಸಾಲೂ ಬೇರೆ;
ಶಾಲಿನಿ ಎಂಬ ಹೆಸರಿನವರು ಯಾರೂ ಪಕ್ಕದಲ್ಲಿಲ್ಲ.
ಗಂಟಲನ್ನು ಮಾತ್ರ
ಬದಲಿಸಲು ಆಗಲಿಲ್ಲ.